ಬಾವಿ ಕಾಯುವ ಆಮೆ

ಆ ಮಂಗಳವಾರವೂ ಆಮೆ ಎಂದಿನಂತೆ ಪಾಚಿ ತಿಂದು ಉಸಿರಾಡಲು ಮೇಲೆ ಬಂದರೆ, ಬಾವಿಯ ನೀರೆಲ್ಲ ಪೆಟ್ರೋಲ್ ನಾರುತ್ತಿತ್ತು. ನೀರು ಚೊಕ್ಕಟವಾಗಿರಲೆಂದೇ ಮನೆಯವರು ಹನ್ನೊಂದು ವರ್ಷದ ಹಿಂದೆ ಅದನ್ನು ಬಾವಿಗೆ ಬಿಟ್ಟಿದ್ದರು.

"ಬಾವಿ ಕಾಯೋನು ನಾನೇ ಅಂತ ಬೀಗ್ತಿದ್ದೆಯಲ್ಲೋ, ಇದೇನು ನಾತ?" ಎಂದು ನೀರು ಸೇದಲು ಇಳಿದ ಕೊಡ ಹಂಗಿಸಿತು.

ಇನ್ನು ತನ್ನನ್ನು ಹೊರಗೆ ಹಾಕುತ್ತಾರೆಂದು ಹೆದರಿ ಆಮೆ ತಳದಲ್ಲಿ ಅಡಗಿತು. ವಾರದ ಮೇಲೆ, ನೀರು ಪರೀಕ್ಷಿಸುವವರ ಗಾಜಿನ ನಳಿಗೆ ಹಗ್ಗ ಹಿಡಿದು ಇಳಿಯಿತು.

"ತಪ್ಪು ನನ್ನದೇ. ಇದನ್ನು ತಿಂದು ತೀರಿಸಲು ನನ್ನಿಂದಾಗಲಿಲ್ಲ," ಎಂದಿತು ಆಮೆ.

"ತಿನ್ನೋಕೆ ಇದೇನು ಪಾಚಿಯೇನಪ್ಪಾ?" ಎಂದು ನಳಿಗೆ ನಕ್ಕಿತು. "ರಸ್ತೆಯಾಚೆಯ ಬಂಕಿನ ಟ್ಯಾಂಕ್ ಸೋರಿದೆ. ಎಣ್ಣೆ ಯಾವ ಕಡೆಯಿಂದ ಒಳಗೆ ಬಂತು, ಅದನ್ನು ಹೇಳು."

ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. "ಪಡುವಣ ಗೋಡೆಯಲ್ಲಿ, ನೀರಿನಂಚಿನ ಬಿರುಕುಬಿಟ್ಟ ಕಲ್ಲಿನ ಸಂದಿಯಿಂದ. ಕಣ್ಣಾರೆ ಕಂಡೆ," ಎಂದಿತು ಆಮೆ.

ನಳಿಗೆ ಆ ಮಾತನ್ನು ಮೇಲಕ್ಕೆ ಒಯ್ದಿತು. ಜನ ಅದೇ ದಿಕ್ಕಿನಲ್ಲಿ ಕೆಟ್ಟ ಮಣ್ಣು ಅಗೆದು ತೆಗೆದರು, ಪಂಪು ಇಟ್ಟು ಎಣ್ಣೆ ಹೀರಿದರು. ಅಲ್ಲಿಯವರೆಗೆ ಆಮೆ ಹಿತ್ತಲ ತೊಟ್ಟಿಯಲ್ಲಿತ್ತು. ಎರಡು ಮಳೆಗಾಲ ಕಳೆದು ನೀರು ಚೊಕ್ಕಟವಾಗಿದೆಯೆಂದು ನಳಿಗೆ ಒಪ್ಪಿದ ಮೇಲೆ ಆಮೆಯನ್ನು ಮತ್ತೆ ಬಾವಿಗೆ ಬಿಟ್ಟರು.

"ಬಾರಯ್ಯಾ, ನೀನಿಲ್ಲದೆ ಬೇಜಾರಾಗಿತ್ತು," ಎಂದಿತು ಕೊಡ.

ಮರುದಿನ ಮನೆಯಾಕೆ ಬಾವಿಯ ನೀರಿನಲ್ಲೇ ಅನ್ನಕ್ಕಿಟ್ಟಳು.