ಹೆಸರಿನ ಕೊನೆಯಲ್ಲೊಂದು ಚುಕ್ಕೆ

ಗರಡಿಮನೆಯ ಗುರುವನ್ನು ಶಿಷ್ಯ ಚನ್ನವೀರ ಕೇಳಿದ:

“ಗುರುಗಳೇ, ನಾವು ದಿನದ ವ್ಯಾಯಾಮವನ್ನು ಹಾಕುವ ಆ್ಯಪಿನಲ್ಲಿ ಯಾರೋ ನಮ್ಮ ಗರಡಿಯ ಹೆಸರಲ್ಲಿ ಸುಳ್ಳು ಖಾತೆ ತೆರೆದಿದ್ದಾನೆ. ಮೈ ಬೆಳೆಸುವ ಪುಡಿ ಎಂದು ಏನೇನನ್ನೋ ಮಾರುತ್ತಿದ್ದಾನೆ. ನಾನು ಅವನನ್ನು ಬ್ಲಾಕ್ ಮಾಡಿದೆ. ಅಷ್ಟು ಸಾಲದೇ? ದೂರು ಕೊಟ್ಟು ಅವನ ಕಣ್ಣಿಗೆ ನಾನೇಕೆ ಬೀಳಬೇಕು?”

ಗುರು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ವನಮಾಲಾ ಎಂಬ ದರ್ಜಿ ಇದ್ದಳು. ರವಿಕೆ ಹೊಲಿಯುವುದರಲ್ಲಿ ಒಳ್ಳೆಯ ಹೆಸರು. ಕೂತು ಕೂತು ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರು. ಪಕ್ಕದ ಮನೆಯವಳು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಎಷ್ಟು ನಡೆದೆ, ಯಾವ ದಾರಿಯಲ್ಲಿ ನಡೆದೆ ಎಂಬುದನ್ನು ಅದು ಗೆರೆ ಎಳೆದು ತೋರಿಸುತ್ತಿತ್ತು. ಊರಿನ ಬೇರೆ ಹೆಂಗಸರೂ ಅದರಲ್ಲಿದ್ದರು. ಒಬ್ಬರ ನಡಿಗೆಯನ್ನು ಇನ್ನೊಬ್ಬರು ಮೆಚ್ಚಿಕೊಳ್ಳುತ್ತಿದ್ದರು. ವನಮಾಲಾ ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಹೊಲಿಗೆ ಯಂತ್ರದ ಆಚೆಗೂ ತನಗೊಂದು ಲೋಕವಿದೆ ಎಂದು ಅವಳಿಗೆ ಸಂತೋಷವಾಗಿತ್ತು.

ಒಂದು ಮಧ್ಯಾಹ್ನ ಅಂಗನವಾಡಿಯ ಶಿಕ್ಷಕಿಯೊಬ್ಬಳು ರವಿಕೆ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಳು.

“ಅಕ್ಕಾ, ನಾಳೆ ಬಾ ಅಂತ ಬರೆದಿದ್ರಲ್ಲಾ, ನನಗೆ ಆಗೋದಿಲ್ಲ. ಬೇಜಾರು ಮಾಡ್ಕೋಬೇಡಿ.”

“ನಾನೆಲ್ಲಿ ಬರೆದೆ?”

ಶಿಕ್ಷಕಿ ಫೋನು ತೋರಿಸಿದಳು. ವನಮಾಲಾಳದೇ ಮುಖ, ವನಮಾಲಾಳದೇ ಹೆಸರು. ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ ಮಾತ್ರ ಹೆಚ್ಚಿಗೆ ಇತ್ತು. ಕೆಳಗೆ ಹೀಗೆ ಬರೆದಿತ್ತು: “ಬೆಳಗ್ಗೆ ಕೆರೆ ಏರಿಯ ಆ ತುದಿಗೆ ಬಾ, ಪಂಪ್‌ಹೌಸ್ ಹತ್ತಿರ. ಒಬ್ಬಳೇ ಬಾ. ನಾಲ್ಕು ಜನ ಸೇರಿದರೆ ಮಾತೇ ಆಗುತ್ತದೆ, ನಡಿಗೆ ಆಗುವುದಿಲ್ಲ.”

ವನಮಾಲಾ ಅದನ್ನು ಎರಡು ಸಲ ಓದಿದಳು. ತನ್ನ ಮುಖ ಹಾಕಿಕೊಂಡು ಯಾರೋ ಹೆಂಗಸರನ್ನು ಕರೆಯುತ್ತಿದ್ದಾನೆ. ಯಾಕೆ ಕರೆಯುತ್ತಿದ್ದಾನೆ ಎಂದು ಯೋಚಿಸಲು ಅವಳ ಮನಸ್ಸು ಒಪ್ಪಲಿಲ್ಲ.

“ಇದು ನೀವಲ್ಲ ಅಂದ್ರೆ ದೂರು ಕೊಡಿ ಅಕ್ಕಾ. ಇಲ್ಲೇ ಇದೆ ನೋಡಿ, ಒತ್ತಿದರೆ ಸಾಕು.”

ವನಮಾಲಾ ಬೆರಳು ಚಾಚಿದಳು. ಮತ್ತೆ ಹಿಂದಕ್ಕೆ ಎಳೆದುಕೊಂಡಳು. ದೂರು ಕೊಟ್ಟವಳು ನಾನೆಂದು ಅವನಿಗೆ ತಿಳಿದರೆ? ನಾನು ಮನೆಯಿಂದ ಹೊರಡುವ ಹೊತ್ತು ಅವನಿಗೆ ಗೊತ್ತು. ತಿರುಗುವ ಮೂಲೆಯೂ ಗೊತ್ತು. ಎರಡು ತಿಂಗಳಿಂದ ನಾನೇ ದಿನಾ ಗೆರೆ ಎಳೆದು ತೋರಿಸಿದ್ದೇನೆ. ವಿಷಯ ಮನೆಗೆ ತಲುಪಿದರೆ ಗಂಡ ಏನೆಂದಾನು? ಊರಿನ ಬಾಯಿ ಮುಚ್ಚಿಸುವುದು ಹೇಗೆ?

“ನೀನು ಹೋಗಬೇಡ, ಅಷ್ಟೇ. ಯಾರ ಹತ್ತಿರವೂ ಬಾಯಿ ಬಿಡಬೇಡಮ್ಮಾ, ನಿನಗೆ ಕೈ ಮುಗಿಯುತ್ತೇನೆ” ಎಂದಳು.

ಶಿಕ್ಷಕಿ ಹೋದ ಮೇಲೆ ವನಮಾಲಾ ತನ್ನ ಖಾತೆಯನ್ನು ಮುಚ್ಚಿದಳು. ಆ್ಯಪನ್ನೂ ಅಳಿಸಿ ಹಾಕಿದಳು. ಇನ್ನು ತನಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡಳು. ಆ್ಯಪಿನಲ್ಲಿ ಈಗ ಒಬ್ಬಳೇ ವನಮಾಲಾ ಉಳಿದಳು, ಚುಕ್ಕೆಯ ವನಮಾಲಾ. ಅದು ಅವಳಿಗೆ ಹೊಳೆಯಲಿಲ್ಲ.

ಮರುದಿನದಿಂದ ಅವಳು ನಡೆಯಲು ಹೋಗಲಿಲ್ಲ. ಅಂಗಡಿಯ ಮುಂದೆ ಬೈಕು ನಿಧಾನವಾದರೆ ಯಂತ್ರದ ಮೇಲಿನ ಕಾಲು ನಿಲ್ಲುತ್ತಿತ್ತು. ಗೊತ್ತಿಲ್ಲದ ಗಂಡಸು ವಿಳಾಸ ಕೇಳಿದರೂ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮೈಗೆ ಹುಷಾರಿಲ್ಲ ಎಂದು ಮನೆಯಲ್ಲಿ ಹೇಳಿದಳು. ಹೀಗೆ ಹನ್ನೊಂದು ದಿನ ಕಳೆಯಿತು.

ಹನ್ನೆರಡನೆಯ ದಿನ ಬೆಳಗ್ಗೆ ಹಾಲು ಹಾಕುವ ಗಂಗಮ್ಮ ಬಂದಳು. ಬಾಗಿಲು ತೆರೆದ ವನಮಾಲಾಳನ್ನು ಕಂಡು ಅಲ್ಲೇ ನಿಂತಳು.

“ಇದೇನವ್ವಾ, ನೀನು ಇಲ್ಲೇ ಇದ್ದೀಯಲ್ಲ! ನನ್ನ ಸೊಸೆ ನಿನ್ನ ಜೊತೆ ವಾಕಿಂಗ್ ಅಂತ ಆಗಲೇ ಕೆರೆ ಕಡೆ ಹೋದಳಲ್ಲ?”

ವನಮಾಲಾಳ ಕೈಯಿಂದ ಪಾತ್ರೆ ಬಿತ್ತು. ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಹಿಂದೆ ಗಂಗಮ್ಮ ಕೂಗುತ್ತಿದ್ದುದು ಅವಳಿಗೆ ಕೇಳಿಸಲಿಲ್ಲ. ಹನ್ನೊಂದು ದಿನ ತನ್ನ ಜೀವಕ್ಕೆ ಹೆದರಿದವಳಿಗೆ ಈಗ ಬೇರೆಯ ಹೆದರಿಕೆ ಹಿಡಿದಿತ್ತು. ನಾನು ತಲುಪುವಷ್ಟರಲ್ಲಿ ಅಲ್ಲಿ ಯಾರೂ ಇರದಿದ್ದರೆ?

ಏರಿಯ ತುದಿಯಲ್ಲಿ ಗಂಗಮ್ಮನ ಸೊಸೆ ಕಂಡಳು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬ ಗಂಡಸು ಪಂಪ್‌ಹೌಸಿನ ಬಾಗಿಲಲ್ಲಿ ನಿಂತಿದ್ದ. “ವನಮಾಲಾ ಅವರು ಒಳಗೆ ಕೂತಿದ್ದಾರೆ, ಕಾಲು ಉಳುಕಿದೆ, ಬನ್ನಿ” ಎನ್ನುತ್ತಿದ್ದ. ಸೊಸೆ “ಅಯ್ಯೋ” ಎಂದು ಎರಡು ಹೆಜ್ಜೆ ಇಟ್ಟಳು.

ವನಮಾಲಾ ಓಡುತ್ತಲೇ ಕೂಗಿದಳು.

“ವನಮಾಲಾ ನಾನು! ನಾನು ಇಲ್ಲಿದ್ದೀನಿ!”

ಗಂಡಸು ತಿರುಗಿ ನೋಡಿದ. ಅವಸರಪಡಲಿಲ್ಲ. ಬೈಕು ಹತ್ತಿ ಏರಿಯ ಆಚೆಗೆ ಇಳಿದು ಹೋದ. ಬೈಕಿಗೆ ನಂಬರಿರಲಿಲ್ಲ. ಸೊಸೆ ಒಮ್ಮೆ ವನಮಾಲಾಳನ್ನೂ ಒಮ್ಮೆ ಪಂಪ್‌ಹೌಸಿನ ಖಾಲಿ ಬಾಗಿಲನ್ನೂ ನೋಡಿ, ಓಡಿ ಬಂದು ವನಮಾಲಾಳನ್ನು ಹಿಡಿದುಕೊಂಡಳು.

ವನಮಾಲಾ ಅವಳ ಫೋನು ತೆಗೆದುಕೊಂಡಳು. ಚುಕ್ಕೆಯ ಖಾತೆಯ ಮೇಲೆ ದೂರು ಒತ್ತಿದಳು. ಕಾರಣ ಬರೆಯುವ ಜಾಗದಲ್ಲಿ “ಇದು ನಾನಲ್ಲ” ಎಂದು ಬರೆದಳು. ಸೊಸೆಯನ್ನೂ ಕರೆದುಕೊಂಡು ಅಲ್ಲಿಂದ ನೇರವಾಗಿ ಅಂಗನವಾಡಿಗೆ ಹೋದಳು. ಶಿಕ್ಷಕಿಯೂ ದೂರು ಒತ್ತಿದಳು, ಬೇರೆ ಹೆಂಗಸರಿಗೂ ಹೇಳಿದಳು. ಮೂವರೂ ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಬರೆಸಿದರು. ವನಮಾಲಾಳ ಗಂಡ ಬೈಯಲಿಲ್ಲ, ಠಾಣೆಯ ಬಾಗಿಲಿಗೆ ಬಂದು ಅವಳನ್ನು ಕರೆದುಕೊಂಡು ಹೋದ. ಸಂಜೆಯ ಹೊತ್ತಿಗೆ ಆ ಖಾತೆ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಚನ್ನವೀರ ಹೇಳಿದ:

“ಸದ್ಯ ಗುರುಗಳೇ, ಯಾರಿಗೂ ಏನೂ ಆಗಲಿಲ್ಲವಲ್ಲ.”

ಗುರು ಅವನ ಮುಖ ನೋಡಿ ಹೇಳಿದರು: “ಆ ಹನ್ನೊಂದು ದಿನ ಅಲ್ಲಿಗೆ ಯಾರು ಯಾರು ಬಂದು ಹೋದರೆಂದು ವನಮಾಲಾಳಿಗೆ ಇವತ್ತಿಗೂ ಯಾರೂ ಹೇಳಿಲ್ಲ.”