ಇಳಿತದ ಹೊತ್ತಿನ ಸಭೆ

ಪಾಳುಬಿದ್ದ ಹಂಚಿನ ಕಾರ್ಖಾನೆಯ ಮುಂದೆ ದೋಣಿ ಕಟ್ಟುವ ದಕ್ಕೆಯಲ್ಲಿ ಒಂದು ಪುಟ್ಟ ಏಡಿ ಹದ್ದಿನ ಬಾಯಿ ಮುಚ್ಚಿಸಿತು ಅಂದರೆ ನಂಬುತ್ತೀರಾ? ಹೇಗೆ ಅಂತ ಊಹಿಸಿ ನೋಡೋಣ!

ನದೀದಂಡೆಯನ್ನು ಹೊಸದು ಮಾಡಬೇಕು, ದಡದ ಉದ್ದಕ್ಕೂ ಕಲ್ಲು ಹಾಸಬೇಕು ಎಂದು ಹದ್ದು ಯೋಜನೆ ಹಾಕಿ, ಎಲ್ಲರ ಅಭಿಪ್ರಾಯ ಕೇಳಲು ಮಧ್ಯಾಹ್ನ ಸಭೆ ಕರೆಯಿತು. ಆಗ ನದಿಯಲ್ಲಿ ತುಂಬು ಉಬ್ಬರ. ಬಂದದ್ದು ಹಕ್ಕಿಗಳು, ಜೊತೆಗೆ ಹೇಗೋ ದಕ್ಕೆಯ ಕಂಬ ಹತ್ತಿದ ಒಂದೇ ಒಂದು ಏಡಿ.

"ಬೇಡವೆನ್ನುವವರು ಕೈ ಎತ್ತಿ," ಎಂದಿತು ಹದ್ದು.

ಏಡಿ ಎತ್ತಿತು. "ಅಲ್ಲಿ ನಮ್ಮ ಮನೆಗಳಿವೆ, ಸ್ವಾಮಿ."

"ಎಲ್ಲಿ ಮಾರಾಯ? ನಾನು ಮೇಲಿಂದ ನೋಡಿದ್ದೇನೆ. ಬರೀ ನೀರು!"

"ಪಕ್ಕಕ್ಕೆ ಸರಿಯೋ," ಎಂದು ಕಾಗೆ ನಕ್ಕಿತು. "ನಿನಗದು ಅಭ್ಯಾಸ ತಾನೇ?"

ಆದರೂ ಏಡಿ ಕೈ ಇಳಿಸಲಿಲ್ಲ. "ಇದೇ ಪ್ರಶ್ನೆಯನ್ನು ಸಂಜೆ ಇನ್ನೊಮ್ಮೆ ಕೇಳಿ, ಅಷ್ಟು ಸಾಕು."

ಆಗಲಿ ಎಂದಿತು ಹದ್ದು. ಸಂಜೆ ನೀರು ಇಳಿಯಿತು; ಹದ್ದು ಮತ್ತೆ ಕೇಳಿತು. ಕೆಸರಿನ ತುಂಬ ಬಿಲಗಳು, ಒಂದೊಂದು ಬಿಲದ ಬಾಯಲ್ಲೂ ಮೇಲೆತ್ತಿದ ಒಂದು ಕೈ!

"ಅಬ್ಬಬ್ಬಾ, ಇಷ್ಟು ಜನ ಇದ್ದೀರಾ!" ಎಂದು ಹದ್ದು ಬೆರಗಾಯಿತು. "ಹಾಗಾದರೆ ಕಲ್ಲುಹಾಸು ಕಾರ್ಖಾನೆಯ ಅಂಗಳಕ್ಕಷ್ಟೇ ಸಾಕು. ಕೆಸರು ನಿಮ್ಮದೇ."

ಏಡಿ ಆಗ ಕೈ ಇಳಿಸಿ, ನಿರಾಳವಾಗಿ, ಅಡ್ಡಡ್ಡವಾಗಿಯೇ ಮನೆಗೆ ನಡೆಯಿತು. ಇದೆಲ್ಲ ನಡೆದದ್ದು ನೂಲ ಹುಣ್ಣಿಮೆಯ ಸೋಮವಾರ.