ಕ್ರಾಸಿನ ಬಸ್ಸಿಗೆ ಊರಿನ ಹಾರ

ಕಗ್ಗಲಹಟ್ಟಿಯ ಮಡಿವಾಳರ ಕತ್ತೆಗೆ ಬಟ್ಟೆಗಿಂತ ಊರವರ ಗಂಟುಮೂಟೆ ಹೊರುವ ಕೆಲಸವೇ ಹೆಚ್ಚು. ಬಸ್ಸು ಊರೊಳಗೆ ಬರುತ್ತಿರಲಿಲ್ಲ. ಊರಿಗೆ ಊರೇ ಒಂದು ಹರದಾರಿ ನಡೆದು, ಹೆದ್ದಾರಿಯ ಕ್ರಾಸಿನಲ್ಲಿ ಹತ್ತಬೇಕಿತ್ತು. ಆ ಕ್ರಾಸಿನಲ್ಲೋ, ಒಂದು ಟೀ ಅಂಗಡಿ ಬಿಟ್ಟರೆ ಮನೆಯೆಂಬುದೇ ಇಲ್ಲ.

ಒಂದು ದಿನ ತುಂಬು ಬಸುರಿ ಮಾಳಮ್ಮನನ್ನು ಹೊತ್ತು ತಂದ ಕತ್ತೆ ಏದುಸಿರು ಬಿಡುತ್ತ ಕೇಳಿತು: "ಬಸ್ಸಪ್ಪ, ಊರೊಳಗೆ ಬರೋಕೆ ನಿನಗೇನು ದಾಡಿ?"

"ಬಂದು ನೋಡಿದ್ದೇನಪ್ಪ," ಎಂದಿತು ಬಸ್ಸು. "ನಿಮ್ಮೂರ ನಿಲ್ದಾಣದಲ್ಲಿ ಒಂದು ನಾಯಿ ಮಲಗಿತ್ತು. ಜನರೇ ಇಲ್ಲದ ಊರಿಗೆ ಏಕೆ ಬರಲಿ? ಈ ಕ್ರಾಸ್ ನೋಡು, ಹೇಗೆ ತುಂಬಿ ತುಳುಕುತ್ತಿದೆ."

"ಇವರೆಲ್ಲ ನಮ್ಮೂರವರೇ. ನೀನು ಬರುವುದಿಲ್ಲವೆಂದು ಇಲ್ಲಿಗೆ ಬಂದವರು."

"ಎಲ್ಲಿ ಹತ್ತುತ್ತಾರೋ ಅಲ್ಲಿಯವರೆಂದೇ ನನ್ನ ಲೆಕ್ಕ," ಎಂದು ಬಸ್ಸು ಹೊರಟುಹೋಯಿತು.

ಕತ್ತೆ ಊರಿಗೆ ಬಂದು ಬೇಡಿಕೊಂಡಿತು: "ಒಂದೇ ಒಂದು ದಿನ ಎಲ್ಲರೂ ಊರ ನಿಲ್ದಾಣದಲ್ಲೇ ನಿಲ್ಲಿ. ಬಸ್ಸು ಬಂದು ನೋಡಲಿ."

"ಚೆನ್ನಾಗಿ ಹೇಳಿದೆ," ಎಂದರು ಜನ. "ಅಷ್ಟರಲ್ಲಿ ಕ್ರಾಸಿನ ಬಸ್ಸು ತಪ್ಪಿಹೋದರೆ?"

ತಿಂಗಳೊಳಗೆ ಇನ್ನೊಂದು ಬಸ್ಸು ಬಂತು, ಕ್ರಾಸಿಗೇ. ಕಗ್ಗಲಹಟ್ಟಿಯ ಜನ ಅಷ್ಟು ದೂರ ನಡೆದುಹೋಗಿ, ಅದಕ್ಕೆ ಕಾಯಿ ಒಡೆದು ಹಾರ ಹಾಕಿದರು. ಹಾರದ ಬುಟ್ಟಿ ಹೊತ್ತು ತಂದಿದ್ದ ಕತ್ತೆ ಒಂದು ಬದಿಗೆ ನಿಂತು ಗೊಣಗಿತು:

"ಇಷ್ಟಾದರೂ ಕತ್ತೆ ಅನ್ನಿಸಿಕೊಳ್ಳೋದು ನಾನೊಬ್ಬನೇ."